ವಿಮೆಯುಂಟು, ಪಾಲೆಷ್ಟು?

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ಕನ್ನಡನಾಡಿನ ಹಳೆಯ ಪದ್ಧತಿ. ಈಚಿನ ವರ್ಷಗಳಲ್ಲಿ ತವರೇ ಮಗಳಿದ್ದಲ್ಲಿಗೆ ಹೊರಟಿದೆ. ಅಳಿಯನಿಗೆ ಅಮೆರಿಕದಲ್ಲಿ ಉದ್ಯೋಗ. ಮಗಳಿಗೂ ಅಲ್ಲಿಯೇ ಕೆಲಸ. ದಿನ ತುಂಬುತ್ತಿರುವಾಗ ಅಷ್ಟು ದೂರದ ವಿಮಾನಯಾನ ಬೇಡವೆಂದು ವೈದ್ಯರ ಸಲಹೆ. ಆದುದರಿಂದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಡುರಾತ್ರಿಯ ಹೊತ್ತು ಬಾಣಂತನಕ್ಕೆಂದು ಹೊರಟ ತಾಯಂದಿರು ಎಂದಾದರೂ ಕಾಣಸಿಗುತ್ತಾರೆ. ಪೆಟ್ಟಿಗೆಗಳಲ್ಲಿ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಓಮ, ಹಳೆಯ ಮೆತ್ತನೆಯ ಸೀರೆಯನ್ನು ಹರಿದು ಹೊಲಿದ ಕೂಸಿನ ಬಟ್ಟೆ. ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೆ ಮಡಿಚಿಟ್ಟ ಒಂದು ಕಾಗದ: ಪ್ರಯಾಣಿಕರ ಆರೋಗ್ಯವಿಮೆಯ ಪಾಲಿಸಿ. ಅಂಟಿನುಂಡೆಗೆ ಎಷ್ಟು ಬೆಲ್ಲ ಬಿದ್ದಿತೆಂಬುದನ್ನು ಆಕೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲರು. ಆ ಕಾಗದದಲ್ಲಿ ಏನಿದೆಯೆಂಬುದು ಮನೆಯಲ್ಲಿ ಯಾರಿಗೂ ತಿಳಿಯದು.

ಹೆರಿಗೆಯಾಗಿ ಹದಿನೈದು ದಿನಗಳು ಕಳೆದಿವೆ ಎಂದಿಟ್ಟುಕೊಳ್ಳಬಹುದು. ರಾತ್ರಿ ಎರಡು ಗಂಟೆಯ ಸುಮಾರಿಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಜ್ಜಿಗೆ ಎದೆಯಲ್ಲಿ ಏನೋ ಒತ್ತಿದಂತಾಗುತ್ತದೆ. ನೋವು ಬೆನ್ನಿಗೆ ಹಬ್ಬುತ್ತದೆ, ಮೈ ಬೆವರುತ್ತದೆ. ಹತ್ತು ವರ್ಷಗಳಿಂದ ರಕ್ತದೊತ್ತಡದ ಗುಳಿಗೆ ನುಂಗುತ್ತಿರುವ ಜೀವ. ಮಗಳು ಗಾಬರಿಗೊಂಡು ಆಸ್ಪತ್ರೆಗೆ ಹೊರಡೋಣವೆನ್ನುತ್ತಾಳೆ. "ಬೇಡ ಕಣೇ, ವಾಯು ಹಿಡಿದಿರಬೇಕು. ಓಮದ ನೀರು ಕುಡಿದರೆ ಇಳಿದೀತು. ಇಲ್ಲಿ ಡಾಕ್ಟರ ಬಾಗಿಲು ತಟ್ಟಿದರೆ ಸಾವಿರಗಟ್ಟಲೆ ಅಂತ ನೀವೇ ಹೇಳ್ತೀರಿ. ಬೆಳಗಾಗಲಿ, ನೋಡೋಣ." ಅಳಿಯನೂ ಒಂದು ಗಳಿಗೆ ಸುಮ್ಮನಿರುತ್ತಾನೆ. ಅವನು ಜಿಪುಣನಲ್ಲ; ಅತ್ತೆಯ ಮೇಲೆ ಅನಾದರವೂ ಇಲ್ಲ. ವಿಮೆಯಿದೆಯೆಂಬುದು ಅವನಿಗೆ ಗೊತ್ತು. ವಿಮೆಯಿದ್ದೂ ತನ್ನ ಕೈಯಿಂದ ಎಷ್ಟು ಹೋದೀತೆಂಬುದು ಗೊತ್ತಿಲ್ಲ.

ಆ ಒಂದು ಗಳಿಗೆಯ ಮೌನಕ್ಕೆ ಕಾರಣವಾದ ವ್ಯವಸ್ಥೆಗೆ ವಿಮೆಯ ಭಾಷೆಯಲ್ಲಿ 'ವೆಚ್ಚದ ಹಂಚಿಕೆ' ಎಂದು ಹೆಸರು. ತಿಂಗಳು ತಿಂಗಳೂ ಕಂತು ಕಟ್ಟಿದ ಮೇಲೆಯೂ, ಕಾಯಿಲೆ ಬಿದ್ದಾಗ ಬಿಲ್ಲಿನ ಒಂದು ಭಾಗವನ್ನು ರೋಗಿಯೇ ತೆರಬೇಕು. ಕಂತು ಕಟ್ಟುವುದು ಬಾಗಿಲ ಒಳಗೆ ಬರಲು ಮಾತ್ರ. ಊಟದ ಲೆಕ್ಕ ಬೇರೆ.

ಪಾಲಿನ ಲೆಕ್ಕ

ರೋಗಿಯ ಪಾಲು ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಬರುತ್ತದೆ. ವರ್ಷದಲ್ಲಿ ಮೊದಮೊದಲು ಬರುವ ವೆಚ್ಚವನ್ನು ಒಂದು ಗೊತ್ತಾದ ಮೊತ್ತದವರೆಗೆ ಸಂಪೂರ್ಣವಾಗಿ ರೋಗಿಯೇ ಹೊರುವುದು 'ಡಿಡಕ್ಟಿಬಲ್'. ಅದು ತೀರಿದ ಬಳಿಕ ಪ್ರತಿ ಬಿಲ್ಲಿನಲ್ಲಿಯೂ ನೂರಕ್ಕೆ ಇಷ್ಟೆಂದು ತೆರುವುದು 'ಕೋಇನ್ಶೂರೆನ್ಸ್'. ವೈದ್ಯರನ್ನು ಕಂಡಾಗಲೊಮ್ಮೆ, ಔಷಧ ಕೊಂಡಾಗಲೊಮ್ಮೆ ಕೊಡುವ ನಿಶ್ಚಿತ ಹಣ 'ಕೋಪೇ'. ಈ ಮೂರಕ್ಕೂ ಮೇಲೆ ಒಂದು ಮಿತಿ ಇರುತ್ತದೆ. ವರ್ಷದಲ್ಲಿ ರೋಗಿಯ ಕೈಯಿಂದ ಹೋದ ಪಾಲುಗಳೆಲ್ಲ ಸೇರಿ ಆ ಮಿತಿಯನ್ನು ಮುಟ್ಟಿದವೆಂದರೆ, ಮುಂದಿನದೆಲ್ಲ ವಿಮೆಯವರ ಹೊಣೆ. ಅಮೆರಿಕದಲ್ಲಿ 2010ರ ಆರೋಗ್ಯವಿಮಾ ಶಾಸನ ಈ ಮಿತಿಗೆ ಕಾನೂನಿನ ಕಟ್ಟು ಹಾಕಿತು. 2025ನೆಯ ಇಸವಿಗೆ ಅದು ಒಬ್ಬರಿಗೆ 9,200 ಡಾಲರು, ಕುಟುಂಬಕ್ಕೆ 18,400 ಡಾಲರು. ಉದ್ಯೋಗದ ಮೂಲಕ ದೊರೆಯುವ ಅನೇಕ ವಿಮೆಗಳಲ್ಲಿ ಇದಕ್ಕಿಂತ ಕಡಿಮೆಯೇ ಇರುತ್ತದೆ.

ಮಗಳ ಹೆರಿಗೆಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ಆಕೆಯ ವಿಮೆಯಲ್ಲಿ ಡಿಡಕ್ಟಿಬಲ್ 2,000 ಡಾಲರು, ಆ ಮೇಲಿನ ಪಾಲು ನೂರಕ್ಕೆ 20, ವರ್ಷದ ಮಿತಿ 6,000. ಆಸ್ಪತ್ರೆಗೂ ವಿಮಾಸಂಸ್ಥೆಗೂ ಆದ ಒಪ್ಪಂದದ ದರದಲ್ಲಿ ಹೆರಿಗೆಯ ಬಿಲ್ಲು 15,000. ಮೊದಲಿನ 2,000 ಆಕೆಯದು. ಉಳಿದ 13,000ದಲ್ಲಿ ನೂರಕ್ಕೆ 20ರಂತೆ 2,600. ಒಟ್ಟು 4,600. ಒಂದು ವೇಳೆ ಹೆರಿಗೆ ಕಠಿಣವಾಗಿ, ಶಸ್ತ್ರಚಿಕಿತ್ಸೆಯಾಗಿ, ಬಿಲ್ಲು 60,000ಕ್ಕೆ ಏರಿದರೆ? ಅದೇ ಲೆಕ್ಕದಲ್ಲಿ ಆಕೆಯ ಪಾಲು 13,600 ಆಗಬೇಕು. ಆದರೆ 6,000ಕ್ಕೆ ಮಿತಿ ಬಂದು ನಿಲ್ಲುತ್ತದೆ. ಮಿತಿಯ ಮಹಿಮೆ ಸಣ್ಣ ಬಿಲ್ಲಿನಲ್ಲಿ ಕಾಣುವುದಿಲ್ಲ. ದೊಡ್ಡ ಬಿಲ್ಲಿನಲ್ಲಿ ಕಾಣುತ್ತದೆ.

ಇಷ್ಟಕ್ಕೆ ಮುಗಿಯಿತೆಂದುಕೊಳ್ಳುವಂತಿಲ್ಲ. ವಿಮೆಯ ವರ್ಷ ಅನೇಕ ಕಡೆ ಜನವರಿ 1ಕ್ಕೆ ಹೊಸದಾಗುತ್ತದೆ; ಗರ್ಭಕ್ಕೆ ಆ ಪಂಚಾಂಗ ತಿಳಿಯದು. ಆಗಸ್ಟಿನಿಂದ ಡಿಸೆಂಬರಿನವರೆಗೆ ಸ್ಕ್ಯಾನಿಂಗು, ಪರೀಕ್ಷೆ ಎಂದು 1,800 ಡಾಲರು ಡಿಡಕ್ಟಿಬಲ್ಲಿಗೆ ಕಟ್ಟಿದ್ದರೂ, ಫೆಬ್ರವರಿಯ ಹೆರಿಗೆಗೆ ಅದು ಜಮೆಯಾಗುವುದಿಲ್ಲ. ಸ್ಲೇಟು ಒರೆಸಿ ಮತ್ತೆ ಸೊನ್ನೆಯಿಂದ ಬರೆದಂತೆ. ಅದೂ ಅಲ್ಲದೆ ಕೂಸು ಹುಟ್ಟಿದ ಕ್ಷಣದಿಂದ ವಿಮೆಯ ದೃಷ್ಟಿಯಲ್ಲಿ ಬೇರೊಬ್ಬ ರೋಗಿ. ತಾಯಿಯ ಹೆಸರಿಗೊಂದು ಬಿಲ್ಲು, ಇನ್ನೂ ಹೆಸರಿಡದ ಮಗುವಿಗೆ ಇನ್ನೊಂದು. ಮಗುವಿಗೆ ಕಾಮಾಲೆಯ ಛಾಯೆ ಕಂಡು ಎರಡು ದಿನ ದೀಪದ ಕೆಳಗೆ ಮಲಗಿಸಿ 3,000 ಡಾಲರಿನ ಬಿಲ್ಲಾಯಿತೆಂದರೆ, ಅದರಲ್ಲಿ ಮಗುವಿನ ಸ್ವಂತ ಡಿಡಕ್ಟಿಬಲ್ 2,000, ಉಳಿದ ಸಾವಿರಕ್ಕೆ 200. ಹಿಂದಿನ ವರ್ಷದ 1,800, ತಾಯಿಯ 4,600, ಮಗುವಿನ 2,200 ಸೇರಿ 8,600 ಡಾಲರು! 'ಎರಡು ಸಾವಿರದ ಡಿಡಕ್ಟಿಬಲ್' ಎಂದು ನಿಶ್ಚಿಂತೆಯಿಂದಿದ್ದ ದಂಪತಿಗಳು ಇಲ್ಲಿ ಬೆಚ್ಚುವುದು ಸಹಜ. ಕೂಸನ್ನು ಉದ್ಯೋಗದ ವಿಮೆಗೆ ಸೇರಿಸಲು ಕಾನೂನು ಕೊಡುವ ಕನಿಷ್ಠ ಅವಧಿ 30 ದಿನ. ಅಷ್ಟರಲ್ಲಿ ಸೇರಿಸಿದರೆ ಹುಟ್ಟಿದ ದಿನದಿಂದಲೇ ರಕ್ಷಣೆ ದೊರೆಯುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ಮರೆಯಬಾರದ ಮೊದಲ ಕೆಲಸ ಇದೇ. ತೊಟ್ಟಿಲ ಶಾಸ್ತ್ರ ಒಂದು ವಾರ ತಡವಾದರೂ ಆಗಬಹುದು.

ರೋಗಿಯಿಂದ ಪಾಲನ್ನು ಕೇಳುವುದೇಕೆ? ಮೊದಲಿಗೆ ಹೀಗಿರಲಿಲ್ಲ. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯಲ್ಲಿ ಜಸ್ಟಿನ್ ಫೋರ್ಡ್ ಕಿಂಬಾಲ್ ಎಂಬುವರು ಊರಿನ ಉಪಾಧ್ಯಾಯರಿಗಾಗಿ ಒಂದು ಯೋಜನೆ ಹೂಡಿದರು. ತಿಂಗಳಿಗೆ 50 ಸೆಂಟು ಕೊಟ್ಟವರಿಗೆ ವರ್ಷದಲ್ಲಿ 21 ದಿನಗಳ ಆಸ್ಪತ್ರೆವಾಸ. ಮೇಷ್ಟರುಗಳ ಬಾಕಿ ಬಿಲ್ಲುಗಳನ್ನು ಕಂಡು ಹುಟ್ಟಿದ ಈ ಏರ್ಪಾಡೇ ಮುಂದೆ ಅಮೆರಿಕದ ಆರೋಗ್ಯವಿಮೆಗೆ ಬೀಜವಾಯಿತು. ವಿಮೆ ಹರಡಿದಂತೆ ಅರ್ಥಶಾಸ್ತ್ರಜ್ಞರಿಗೆ ಒಂದು ಸಂಶಯ ಬಂದಿತು. 1963ರಲ್ಲಿ ಕೆನೆತ್ ಆರೋ, 1968ರಲ್ಲಿ ಮಾರ್ಕ್ ಪಾಲಿ ಅದನ್ನು ಚರ್ಚಿಸಿದರು: ಹಣ ಇನ್ನೊಬ್ಬರದಾದಾಗ ಮನುಷ್ಯ ಬೇಕಾದುದಕ್ಕಿಂತ ಹೆಚ್ಚು ಚಿಕಿತ್ಸೆಯನ್ನು ಬಯಸುವುದಿಲ್ಲವೆ? ಮದುವೆಮನೆಯ ಊಟದಲ್ಲಿ ಎಲೆಗೆ ಬೀಳುವ ಹೋಳಿಗೆಯ ಸಂಖ್ಯೆಯನ್ನು ಕಂಡವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಆದರೆ ಚಿಕಿತ್ಸೆ ಹೋಳಿಗೆಯಲ್ಲ. ಇದನ್ನು ಪರೀಕ್ಷಿಸಲೆಂದು ರ‍್ಯಾಂಡ್ ಸಂಸ್ಥೆ ಜೋಸೆಫ್ ನ್ಯೂಹೌಸ್ ಅವರ ನೇತೃತ್ವದಲ್ಲಿ 1974ರಿಂದ 1982ರವರೆಗೆ ಒಂದು ಭಾರಿ ಪ್ರಯೋಗವನ್ನು ನಡೆಸಿತು. ಎರಡು ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು ಬೇರೆ ಬೇರೆ ವಿಮೆಗಳಿಗೆ ಹಂಚಲಾಯಿತು: ಕೆಲವರಿಗೆ ಎಲ್ಲವೂ ಉಚಿತ, ಉಳಿದವರಿಗೆ ನೂರಕ್ಕೆ 25, 50 ಅಥವಾ 95ರ ಪಾಲು, ಅದಕ್ಕೊಂದು ವರ್ಷದ ಮಿತಿ. ಪಾಲು ಹೆಚ್ಚಿದಂತೆ ಜನ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಅರ್ಥಶಾಸ್ತ್ರಜ್ಞರ ಊಹೆ ಅಷ್ಟರ ಮಟ್ಟಿಗೆ ನಿಜವಾಯಿತು. ಆದರೆ ಜನ ಬಿಟ್ಟುಬಿಟ್ಟದ್ದು ಅನಗತ್ಯವಾದ ಚಿಕಿತ್ಸೆಯನ್ನು ಮಾತ್ರ ಅಲ್ಲ. ಅಗತ್ಯವಾದುದನ್ನೂ ಅದೇ ಪ್ರಮಾಣದಲ್ಲಿ ಬಿಟ್ಟರು. ಸರಾಸರಿ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಾದರೂ, ಬಡವರಲ್ಲಿ ರಕ್ತದೊತ್ತಡವಿದ್ದವರ ಸ್ಥಿತಿ ಉಚಿತ ಚಿಕಿತ್ಸೆ ಪಡೆದವರಿಗಿಂತ ಕೆಟ್ಟದಾಗಿತ್ತು. ಯಾವ ನೋವು ವಾಯು, ಯಾವ ನೋವು ಹೃದಯದ್ದು ಎಂಬುದನ್ನು ನೋವಿನ ನಡುವೆ ಕುಳಿತವರು ತೀರ್ಮಾನಿಸಲಾರರು. ಪಾಲಿನ ಭಯ ಮಾತ್ರ ಎರಡಕ್ಕೂ ಒಂದೇ ಅಳತೆಯಲ್ಲಿ ಕಾಡುತ್ತದೆ.

ಈ ಸಂಶಯಕ್ಕೆ ಎಲ್ಲ ದೇಶಗಳೂ ಬಾಣಂತಿಯನ್ನು ಗುರಿಮಾಡಿಲ್ಲ. ಸ್ವಿಟ್ಸರ್ಲೆಂಡಿನಲ್ಲಿ ನೆಲೆಸಿದ ಪ್ರತಿಯೊಬ್ಬರೂ ವಿಮೆ ಕೊಳ್ಳಲೇಬೇಕು. ವಯಸ್ಕರು ವರ್ಷಕ್ಕೆ ಕನಿಷ್ಠ 300 ಫ್ರಾಂಕುಗಳ ಮೊದಲ ಪಾಲನ್ನೂ, ಆ ಮೇಲಿನದರಲ್ಲಿ ನೂರಕ್ಕೆ ಹತ್ತರಂತೆ 700 ಫ್ರಾಂಕುಗಳವರೆಗೂ ತೆರುತ್ತಾರೆ. ಆದರೆ ಗರ್ಭದ ಹದಿಮೂರನೆಯ ವಾರದಿಂದ ಹೆರಿಗೆಯ ನಂತರದ ಎಂಟು ವಾರಗಳವರೆಗೆ ತಾಯಿಯಿಂದ ಪಾಲು ಕೇಳುವಂತಿಲ್ಲ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಆಸ್ಪತ್ರೆವಾಸಕ್ಕೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನಗಳವರೆಗೆ ಮಾತ್ರ. ಹೆರಿಗೆಗೆ ಅದೂ ಇಲ್ಲ. ಬ್ರಿಟನ್ನಿಗೆ ಉದ್ಯೋಗಕ್ಕಾಗಿ ಹೋಗುವವರು 2024ರಿಂದ ವೀಸಾದ ಜೊತೆಗೇ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸುಂಕ ಕಟ್ಟುತ್ತಾರೆ. ಆ ಬಳಿಕ ಆಸ್ಪತ್ರೆಯಲ್ಲಿ ಬಿಲ್ಲಿನ ಮಾತಿಲ್ಲ. ಕರಾವಳಿಯ ಮನೆಮನೆಗಳಿಗೆ ಪರಿಚಿತವಾದ ದುಬೈಯಲ್ಲಿ ಕಂತನ್ನು ಉದ್ಯೋಗದಾತನೇ ಕಟ್ಟಬೇಕೆಂಬುದು ಕಾನೂನು. ಅಲ್ಲಿನ ಕನಿಷ್ಠ ದರ್ಜೆಯ ವಿಮೆಯಲ್ಲಿ ರೋಗಿಯ ಪಾಲೂ ಉಂಟು.

ಅಜ್ಜಿಯ ಕಾಗದ

ಈಗ ಮತ್ತೆ ಕೈಚೀಲದ ಕಾಗದಕ್ಕೆ ಬರಬಹುದು. ಮಗಳದೂ ತಾಯಿಯದೂ ಹೆಸರಿನಲ್ಲಿ ಎರಡೂ ಆರೋಗ್ಯವಿಮೆಯೇ. ಡಿಡಕ್ಟಿಬಲ್ ಎಂಬ ಮಾತು ಎರಡರಲ್ಲಿಯೂ ಇದೆ. 'ಮಿತಿ' ಎಂಬ ಮಾತೂ ಎರಡರಲ್ಲಿದೆ. ಕಣ್ಣು ಮೋಸಹೋಗುವುದು ಇಲ್ಲಿಯೇ. ಮಗಳ ವಿಮೆಯಲ್ಲಿ ಮಿತಿ ಇರುವುದು ರೋಗಿ ತೆರುವ ಹಣಕ್ಕೆ; ಮುಖ್ಯವಾದ ಚಿಕಿತ್ಸೆಗಳಿಗೆ ವಿಮೆಯವರು ತಾವು ಕೊಡುವುದಕ್ಕೆ ವಾರ್ಷಿಕ ಮಿತಿಯನ್ನು ಹಾಕಿಕೊಳ್ಳದಂತೆ ಅದೇ 2010ರ ಶಾಸನ ತಡೆಯಿತು. ಪ್ರವಾಸಿಯ ಪಾಲಿಸಿಗೆ ಆ ಶಾಸನ ಅನ್ವಯಿಸುವುದಿಲ್ಲ. ಅದರಲ್ಲಿ ಮಿತಿ ಇರುವುದು ವಿಮೆಯವರು ಕೊಡುವ ಹಣಕ್ಕೆ. ರೋಗಿಯ ಪಾಲಿಗೆ ಮಿತಿಯೇ ಇಲ್ಲ. ಪದ ಒಂದೇ, ಗೋಡೆಯ ಯಾವ ಬದಿಗೆ ಯಾರು ನಿಂತಿದ್ದಾರೆಂಬುದು ತಿರುವುಮುರುವು.

50,000 ಡಾಲರು ಮಿತಿಯ ಪಾಲಿಸಿಯೊಂದನ್ನು ಊಹಿಸಿಕೊಳ್ಳಬಹುದು. ಡಿಡಕ್ಟಿಬಲ್ 250, ಮುಂದಿನ 5,000ದಲ್ಲಿ ನೂರಕ್ಕೆ 20 ರೋಗಿಯದು, ಆ ಮೇಲೆ ಎಲ್ಲವೂ ವಿಮೆಯದು. ಕೇಳುವುದಕ್ಕೆ ಮಗಳ ವಿಮೆಗಿಂತಲೂ ಸೊಗಸಾಗಿದೆ: ರೋಗಿಯ ಪಾಲು ಬರೀ 1,250! ಆದರೆ ಹೃದಯದ ಚಿಕಿತ್ಸೆಗೆ 1,20,000 ಡಾಲರು ಬಿಲ್ಲು ಬಂದರೆ ವಿಮೆಯವರು 50,000 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಉಳಿದ 70,000 ಮನೆಯವರ ಹೆಗಲಿಗೆ. ಇನ್ನೊಂದು ಜಾತಿಯ ಪಾಲಿಸಿಯುಂಟು. ಅದರಲ್ಲಿ ಆಸ್ಪತ್ರೆಯ ಒಂದು ದಿನಕ್ಕೆ ಇಷ್ಟು, ವೈದ್ಯರ ಒಂದು ಭೇಟಿಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಪಟ್ಟಿ ಇರುತ್ತದೆ. ಬಿಲ್ಲು ಎಷ್ಟೇ ಆಗಲಿ, ಕೊಡುವುದು ಆ ಪಟ್ಟಿಯಂತೆ. ಕಂತು ಅಗ್ಗವೆಂದು ಕೊಳ್ಳುವವರು ಹೆಚ್ಚಾಗಿ ಬೀಳುವುದು ಇದಕ್ಕೇ. ಎಪ್ಪತ್ತು ದಾಟಿದವರಿಗೆ ಅನೇಕ ಪಾಲಿಸಿಗಳಲ್ಲಿ ಮಿತಿ ಇನ್ನೂ ಕುಗ್ಗುತ್ತದೆ, ಕಂತು ಹಿಗ್ಗುತ್ತದೆ.

ಹಳೆಯ ಕಾಯಿಲೆಯ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ರಕ್ತದೊತ್ತಡ, ಮಧುಮೇಹಗಳು ಮೊದಲೇ ಇದ್ದವೆಂದರೆ ಅವುಗಳಿಂದ ಬಂದ ತೊಂದರೆಗೆ ಸಾಮಾನ್ಯವಾಗಿ ಪ್ರವಾಸಿಯ ವಿಮೆ ಒದಗುವುದಿಲ್ಲ. ಹಾಗಾದರೆ ಅರವತ್ತು ದಾಟಿದ ತಾಯಂದಿರಲ್ಲಿ ಅದು ಒದಗುವುದು ಯಾರಿಗೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದುದರಿಂದಲೇ ಕೆಲವು ಪಾಲಿಸಿಗಳಲ್ಲಿ ಒಂದು ಕಿರುಬಾಗಿಲನ್ನು ಇಟ್ಟಿರುತ್ತಾರೆ: ಹಳೆಯ ಕಾಯಿಲೆ ಮುನ್ಸೂಚನೆಯಿಲ್ಲದೆ ಹಠಾತ್ತನೆ ಉಲ್ಬಣಿಸಿದರೆ ಒಂದು ಮೊತ್ತದವರೆಗೆ ಕೊಡುತ್ತೇವೆ ಎಂಬ ಷರತ್ತು. ಈ ಷರತ್ತಿನ ಬಾಲದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ. ತೊಂದರೆ ಕಾಣಿಸಿಕೊಂಡ 24 ಗಂಟೆಗಳೊಳಗೆ ಚಿಕಿತ್ಸೆಗೆ ಹೋಗಿರಬೇಕು. 'ಬೆಳಗಾಗಲಿ' ಎಂದ ಅಜ್ಜಿ, ಬೆಳಗಾದ ಮೇಲೆ 'ಈಗ ಪರವಾಗಿಲ್ಲ' ಎಂದು ಮತ್ತೊಂದು ದಿನ ತಳ್ಳಿದರೆ, ಹಣ ಉಳಿಸಲು ಹೋಗಿ ವಿಮೆಯನ್ನೇ ಕಳೆದುಕೊಂಡಂತಾಗುತ್ತದೆ. ಜೀವದ ಮಾತು ಹಾಗಿರಲಿ.

ಇನ್ನು ಆ ರಾತ್ರಿಯ ವಿಷಯ. ಅಳಿಯನಿಗೆ ತಿಳಿದಿರಬೇಕಾಗಿದ್ದ ಒಂದು ಕಾನೂನು ಅಮೆರಿಕದಲ್ಲಿ 1986ರಿಂದ ಇದೆ. ತುರ್ತು ಚಿಕಿತ್ಸಾ ವಿಭಾಗವುಳ್ಳ ಆಸ್ಪತ್ರೆಗಳು, ಕೆಲವೇ ಅಪವಾದಗಳನ್ನು ಬಿಟ್ಟರೆ, ಬಾಗಿಲಿಗೆ ಬಂದವರನ್ನು ಪರೀಕ್ಷಿಸಲೇಬೇಕು. ಪ್ರಾಣಾಪಾಯವಿದ್ದರೆ ಸ್ಥಿತಿ ಸ್ಥಿಮಿತಕ್ಕೆ ಬರುವವರೆಗೆ ಚಿಕಿತ್ಸೆ ಮಾಡಲೇಬೇಕು. ಹಣವಿದೆಯೆ, ವಿಮೆಯಿದೆಯೆ, ಯಾವ ದೇಶದವರು ಎಂದು ಕೇಳಿ ತಡಮಾಡುವಂತಿಲ್ಲ. ಬಿಲ್ಲು ಆಮೇಲೆ ಬರುತ್ತದೆ, ನಿಜ, ಆದರೆ ಆಮೇಲೆ. 911ಕ್ಕೆ ದೂರವಾಣಿ ಮಾಡಿದರೆ ಬರುವ ಆಂಬುಲೆನ್ಸಿಗೂ ಬೇರೆ ಬಿಲ್ಲುಂಟು. ಎದೆ ಒತ್ತುತ್ತಿರುವವರನ್ನು ಅದಕ್ಕೆ ಹೆದರಿ ಕಾರಿನಲ್ಲಿ ಕೂರಿಸಿಕೊಂಡು ಹೊರಡುವುದು ಸಲ್ಲದು; ದಾರಿಯಲ್ಲಿ ಹೃದಯ ನಿಂತರೆ ಅಳಿಯ ಮಾಡಬಲ್ಲದ್ದೇನು?

ಮಗಳಂಥ ಕಾಯಂ ವಿಮೆಯಿದ್ದವರಿಗೆ 2022ರಿಂದ ಇನ್ನೊಂದು ನೆರಳು ಸಿಕ್ಕಿದೆ. ತುರ್ತಿನಲ್ಲಿ ಒಪ್ಪಂದವಿಲ್ಲದ ಆಸ್ಪತ್ರೆಗೆ ಹೋದರೂ, ಒಪ್ಪಂದದ ಆಸ್ಪತ್ರೆಯಲ್ಲಿ ತೆರುತ್ತಿದ್ದಷ್ಟೇ ಪಾಲು. ಆದರೆ ರಸ್ತೆಯ ಆಂಬುಲೆನ್ಸು ಆ ಕಾನೂನಿನ ಹೊರಗೆ ಉಳಿಯಿತು. ಪ್ರವಾಸಿಯ ಪಾಲಿಸಿಯೂ ಹೊರಗೇ.

ಆಸ್ಪತ್ರೆಯಿಂದ ಬಂದ ಮೇಲೆ ಅಂಚೆಯಲ್ಲಿ ಕಾಗದಗಳ ಸುರಿಮಳೆ. ವಿಮೆಯವರು ಕಳಿಸುವ ಒಂದು ಹಾಳೆಯ ಮೇಲೆ 'ಇದು ಬಿಲ್ಲಲ್ಲ' ಎಂದೇ ಅಚ್ಚಾಗಿರುತ್ತದೆ. ಆಸ್ಪತ್ರೆ ಕೇಳಿದ್ದೆಷ್ಟು, ವಿಮೆ ಒಪ್ಪಿದ್ದೆಷ್ಟು, ರೋಗಿಯ ಪಾಲೆಷ್ಟು ಎಂಬ ವಿವರ ಅದರಲ್ಲಿರುತ್ತದೆ. ಆ ಹಾಳೆ ಬರುವ ಮುಂಚೆಯೇ ಆಸ್ಪತ್ರೆಯ ಬಿಲ್ಲನ್ನು ಕಟ್ಟಿಬಿಡುವುದು ಕನ್ನಡದ ಮರ್ಯಾದಸ್ಥ ಮನೆತನಗಳ ಅಭ್ಯಾಸ. ಸಾಲ ಎಂಬ ಮಾತೇ ಅವರಿಗೆ ಕಿವಿಗೆ ಕಾದ ಎಣ್ಣೆ. ಆದರೆ ಈ ವಿಷಯದಲ್ಲಿ ಅವಸರ ಬೇಡ. ಹಾಳೆಯನ್ನೂ ಬಿಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬೇಕು; ಪ್ರತಿಯೊಂದು ಬಾಬಿನ ವಿವರವುಳ್ಳ ಬಿಲ್ಲನ್ನು ಆಸ್ಪತ್ರೆಯಿಂದ ಕೇಳಿ ಪಡೆಯಬೇಕು. ಮಾಡದ ಪರೀಕ್ಷೆಗೆ ಬರೆದ ಹಣವೂ, ಎರಡು ಸಲ ಬರೆದ ಹಣವೂ ಅಂಥ ಬಿಲ್ಲಿನಲ್ಲಿ ಕಣ್ಣಿಗೆ ಬೀಳುವುದುಂಟು.

ಅಷ್ಟಾದರೂ ಭರಿಸಲಾಗದ ಮೊತ್ತ ಉಳಿದರೆ, ಲಾಭದ ಉದ್ದೇಶವಿಲ್ಲದ ದತ್ತಿ ಆಸ್ಪತ್ರೆಗಳಲ್ಲಿ ಇನ್ನೊಂದು ದಾರಿಯಿದೆ. ತೆರಿಗೆಯ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಅವು ಅಶಕ್ತರಿಗೆ ಬಿಲ್ಲಿನಲ್ಲಿ ಸಹಾಯ ನೀಡುವ ಲಿಖಿತ ನಿಯಮವನ್ನು ಇಟ್ಟುಕೊಂಡಿರಬೇಕು. ಅದು ಯಾರಿಗೆ ಸಲ್ಲುತ್ತದೆ, ಪ್ರವಾಸಿಗೆ ಸಲ್ಲುತ್ತದೆಯೆ ಎಂಬುದನ್ನು ಆಯಾ ಆಸ್ಪತ್ರೆಯೇ ನಿರ್ಧರಿಸುತ್ತದೆ. ಕೇಳದೆ ಹೇಳುವವರು ಕಡಿಮೆ. ಚಿಕಿತ್ಸೆಯ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಹಾಕಲು ಅವಕಾಶವುಂಟು. ಅಷ್ಟರಲ್ಲಿ ಅಜ್ಜಿ ಊರಿಗೆ ಮರಳಿರುತ್ತಾರೆ; ಕೂಸು ಅಂಬೆಗಾಲಿಡುತ್ತಿರುತ್ತದೆ.